ಸ್ಪ್ಲಾಶ್, ಚೈನಾ, ಸ್ಟ್ಯಾಕ್: ಡ್ರಮ್ ಕಿಟ್ಟಿಗೆ ಎಫೆಕ್ಟ್ ಸಿಂಬಲ್ ಆರಸೋದು ಹ್ಯಾಂಗ

ನಮ್ಮ ಕಡಿ ಹುಡುಗ್ರು ಡ್ರಮ್ ಕಿಟ್ ತಗೊಂಡು ಆರೇಳು ತಿಂಗಳಾಯ್ತಂದ್ರ ಸಾಕು, ಒಂದ್ ಮಾತು ಕೇಳೇ ಕೇಳ್ತಾರ. ಅಣ್ಣಾ, ಹೈಹ್ಯಾಟ್ ಅದ, 16 ಇಂಚಿನ ಕ್ರ್ಯಾಶ್ ಅದ, 20 ಇಂಚಿನ ರೈಡ್ ಅದ, ಇನ್ನ ಮುಂದ ಏನ್ ತಗೊಳ್ಳಲಿ, ಚೈನಾನೋ ಸ್ಪ್ಲಾಶೋ? ಜೊತಿಗೆ ಫೋನಿನಾಗ ಒಂದ್ ವಿಡಿಯೋ ತೋರಸ್ತಾರ, ಅದ್ರಾಗ ಯಾರೋ ಹನ್ನೆರಡು ಸಿಂಬಲ್ (ಸ್ಟ್ಯಾಂಡಿಗೆ ಹಾಕಿ ಕೋಲಿಲೇ ಹೊಡಿಯೋ ಲೋಹದ ತಾಟು) ನಡುವ ಕುಂತಿರ್ತಾರ. ನಾನು ಕಲಬುರಗಿಯಾಗ ಐತ್ವಾರ ಚರ್ಚಿನಾಗ ಬಾರಸ್ತೀನಿ, ಲಗ್ನದ ಸೀಜನ್‌ನ್ಯಾಗ ಆರ್ಕೆಸ್ಟ್ರಾದಾಗ ಬಾರಸ್ತೀನಿ, 14 ವರ್ಷ ಆಯ್ತು. ಒಬ್ಬೊಬ್ಬರಿಗೆ ಫೋನಿನ ಮ್ಯಾಲ ಅರ್ಧರ್ಧ ತಾಸು ಹೇಳಿ ಹೇಳಿ ಇಲ್ಲಿ ತನಕ ಬಂದೀನಿ, ಈಗ ಎಲ್ಲಾ ಒಂದೇ ಕಡಿ ಬರದು ಇಡ್ತೀನಿ, ಸಾವಕಾಶ ಓದ್ರಿ.

ಹೈಹ್ಯಾಟು ರೈಡು ತಾಳ ಹಿಡದು ನಡಸ್ತಾವ, ಕ್ರ್ಯಾಶು ಚರಣ ಮುಗೀತು ಪಲ್ಲವಿ ಬಂತು ಅಂತ ಹೇಳ್ತದ. ಈ ಮೂರು ಇಲ್ದ ಕಿಟ್ ನಡಿಯಂಗಿಲ್ಲ. ಎಫೆಕ್ಟ್ ಸಿಂಬಲ್ ಇಲ್ದನೂ ಕಿಟ್ ನಡೀತದ, ಅದು ಹಾಡಿನಾಗ ಒಂದೆರಡು ಜಾಗಾದಾಗ ಬ್ಯಾರೆ ಬಣ್ಣ ಕೊಡ್ಲಿಕ್ಕೆ ಇರೋದು. ಸ್ಪ್ಲಾಶ್, ಚೈನಾ, ಸ್ಟ್ಯಾಕ್, ಬೆಲ್, ತೂತಿನ ಕ್ರ್ಯಾಶ್, ಸಿಜಲ್, ಗಾಂಗ್, ಇವೆಲ್ಲಾ ಆ ಸಾಲಿನಾಗ ಬರ್ತಾವ. ಹಿಂಗಾಗಿ ನಿಮ್ಮ ಹೈಹ್ಯಾಟ್ ತಗಡಿನಂಗ ಆವಾಜ ಮಾಡ್ತಿದ್ರ ಈ ರೊಕ್ಕ ಮೊದಲ ಅದಕ್ಕ ಹಾಕ್ರಿ. ಒಂದ್ ಹಾಡಿನಾಗ ಹೈಹ್ಯಾಟ್ ಸಾವಿರ ಸಲ ಕೇಳ್ತದ, ಸ್ಪ್ಲಾಶ್ ನಾಕೇ ಸಲ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಎಲ್ಲಾರೂ ಸಿಂಬಲ್ ಹೊಡದಾಗ ಬರೋ ಆವಾಜ ಕೇಳಿ ಆರಸ್ತಾರ, ನೀವು ಅದು ಸುಮ್ಮಾಗೋದನ್ನ ಕೇಳಿ ಆರಸ್ರಿ. ಹೊಡದ ಮ್ಯಾಲ ಎಷ್ಟ್ ಲಗೂ ನಿಂದ್ರತದ, ನಿಂದ್ರುವಾಗ ಸೀದಾ ನಿಂದ್ರತದೋ ಗುಂಯ್ ಅಂತ ಬಾಲ ಎಳಕೊಂಡು ಹೋಗ್ತದೋ. ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡಿ ಇದು ಯಾಕ ಅಷ್ಟು ದೊಡ್ಡ ಮಾತು ಅಂದ್ರ ನಾವು ಬಾರಸೋ ಜಾಗಾ ಹಂಗವ. ಮಂಗಲ ಕಾರ್ಯಾಲಯ ಅಂದ್ರ ಕೆಳಗ ಶಹಾಬಾದ್ ಪರ್ಸಿ, ಸುತ್ತ ಗಿಲಾಯಿ ಮಾಡಿದ ಬರೇ ಗ್ವಾಡಿ, ಮ್ಯಾಲ ಸ್ಲ್ಯಾಬು ಇಲ್ಲಾ ಪತ್ರಾ, ಪರದಿ ಇಲ್ಲ ಕಾರ್ಪೆಟ್ ಇಲ್ಲ, ಹಿಂಗಾಗಿ ಆವಾಜ ಎಲ್ಲೂ ಹೀರಕೊಳ್ಳದ ಚೆಂಡಿನಂಗ ಪುಟೀತದ. ಅದಕ್ಕ ಒಂದ್ ಲೆಕ್ಕ ಹಾಕ್ರಿ, ಹಾಡು 120 ಬಿಪಿಎಂ, ಅಂದ್ರ ನಿಮಿಷಕ್ಕ 120 ಬೀಟ್ ಇದ್ರ ಒಂದ್ ಬೀಟಿಗೆ ಅರ್ಧ ಸೆಕೆಂಡ್, ನಿಮ್ಮ ಸಿಂಬಲ್ 2 ಸೆಕೆಂಡ್ ಝೇಂಕರಸ್ತು ಅಂದ್ರ ಅದು ಮುಂದಿನ 4 ಬೀಟಿನ ಮ್ಯಾಲ ಕುಂತಂಗ, ಅದ್ರ ಮ್ಯಾಲ ಹಾಲಿನ ಗುಂಯ್ ಬ್ಯಾರೆ. ಹಾಡೋರ ಅಕ್ಷರ ಎಲ್ಲಾ ಅದ್ರ ಕೆಳಗ ಮುಚ್ಚಿ ಹೋಗ್ತಾವ.

ನಾ ಇದನ್ನ ಕಲ್ತಿದ್ದು ಹ್ಯಾಂಗಂದ್ರ, ನನ್ನ ಮೊದಲನೇ ಎಫೆಕ್ಟ್ ಸಿಂಬಲ್ 18 ಇಂಚಿನ ದಪ್ಪ ಚೈನಾ. ಅಂಗಡ್ಯಾಗ ಒಂದ್ ಸಲ ಹೊಡದೆ, ಎದಿ ಝಲ್ ಅಂತು, ತಗೊಂಡೆ. ಆಳಂದ ಕಡಿ ಒಂದ್ ಲಗ್ನದಾಗ ಪೈಲೆ ಸಲ ಹಾಕ್ದೆ. ಎರಡನೇ ಹಾಡು ಮುಗಿಯೋದ್ರಾಗ ಹಾಡೋ ಅಕ್ಕ ತಿರುಗಿ ಕೈ ಮಾಡಿದ್ರು, ಅವ್ರ ಮೈಕು ನನ್ನ ಮುಂದೇ ಇತ್ತು, ಚೈನಾದ ಆವಾಜ ಅವ್ರ ಮೈಕಿನಾಗೇ ಹೋಗಿ ದನಿಕಿಂತ ಜೋರ ಬಾಕ್ಸಿನಾಗ ಬರ್ಲಿಕತ್ತಿತ್ತು. ಆ ರಾತ್ರಿ ಉಳದ 20 ಹಾಡು ಅದನ್ನ ಮುಟ್ಟದೇ ಬಾರಸ್ದೆ. ಸಿಂಬಲ್ ಕೆಟ್ಟದ್ದಿರಲಿಲ್ಲ, ಆ ಜಾಗಾಕ್ಕ ಅದು ಅಲ್ಲಾಗಿತ್ತು. ಅದೇ ಚೈನಾ ಬಯಲಾಗ, ಜಾತ್ರಿ ಮೈದಾನದಾಗ, ಭಾಳ ಛಂದ ಕೇಳ್ತದ, ಯಾಕಂದ್ರ ಅಲ್ಲಿ ಆವಾಜ ಹೋದದ್ದು ತಿರುಗಿ ಬರಂಗಿಲ್ಲ.

ಲೋಹದ ಮಾತು ಜರ ತಿಳಕೊಂಡ್ರ ಅಂಗಡ್ಯಾಗ ಯಾರೂ ನಿಮಗ ಮೋಸ ಮಾಡ್ಲಿಕ್ಕೆ ಆಗಂಗಿಲ್ಲ. ಸಿಂಬಲ್ ಮೂರು ನಮೂನಿ ಲೋಹದಾಗ ಹೆಚ್ಚು ಬರ್ತಾವ. ಬಿ20 ಅಂದ್ರ ನೂರಕ್ಕ 80 ತಾಮ್ರ 20 ತವರ, ಇದು ಎರಕ ಹೊಯ್ದು, ಲಟ್ಟಿಸಿ, ಸುತಗಿಲೇ ಬಡದು, ಲೇಥಿನ ಮ್ಯಾಲ ಕೆರದು ಮಾಡೋದು. ನಮ್ಮ ಊಟದ ಕಂಚಿನ ಗಂಗಾಳ, ಗುಡಿ ಜಾಗಟಿ ಇದಾವಲ್ಲ, ಅವೂ ಇದೇ ವಂಶ, ಹಳೇ ಕಂಚಿನಾಗ ತವರ ಸುಮಾರು 22 ತನಕ ಇರ್ತದ, ಅದಕ್ಕೇ ಬಡದ್ರ ಅಷ್ಟು ಹೊತ್ತು ಗಣ್ ಅಂತದ, ಕೈ ಜಾರಿ ಬಿದ್ರ ಗಾಜಿನಂಗ ಸೀಳೂ ಬಿಡ್ತದ. ಬಿ8 ಅಂದ್ರ 92 ತಾಮ್ರ 8 ತವರ, ಹಾಳಿಯಿಂದ ಕತ್ತರಿಸಿ ಮಾಡ್ತಾರ, ಆವಾಜ ಚೂಪು ಇರ್ತದ, ಬೆಲಿ ಕಮ್ಮಿ. ಬಿ8 ಅಂದ ಕೂಡ್ಲೇ ಹಗುರ ಮಾಲು ಅನ್ಕೋಬ್ಯಾಡ್ರಿ, ಸ್ವಿಟ್ಜರ್ಲೆಂಡಿನ ಪೈಸ್ಟಿ ಕಂಪನಿ 2002 ಅನ್ನೋ ಹೆಸರಾಂತ ಸಿಂಬಲ್ 1971ರಿಂದ ಈ ಲೋಹದಾಗೇ ಮಾಡ್ತದ. ಮೂರನೇದು ಹಿತ್ತಾಳಿ, ತಾಮ್ರಕ್ಕ ತವರದ ಬದಲಿ ಸತು ಕೂಡಸಿದ್ದು, ಕಿಟ್ಟಿನ ಸಂಗಾಟ ಬರೋ ಸಿಂಬಲ್ ಬಹಳಷ್ಟು ಇವೇ. ಬೀದರಿನೋರಿಗೆ ಹೇಳಬೇಕಂದ್ರ ಬಿದ್ರಿ ಸಾಮಾನಿನಾಗ ಸತು ಭಾಳ ತಾಮ್ರ ಜರ, ಹಿತ್ತಾಳ್ಯಾಗ ಅದು ಉಲ್ಟಾ.

ಹಿತ್ತಾಳಿ ಕ್ರ್ಯಾಶಿಗೆ ರೈಡಿಗೆ ಚೊಲೋ ಅಲ್ಲ, ಝೇಂಕಾರ ಬಿಚ್ಚಿಕೊಳ್ಳಂಗಿಲ್ಲ, ಲಗೂ ಸತ್ತು ಹೋಗ್ತದ. ಆದ್ರ ಎಫೆಕ್ಟಿಗೆ ಬಂದ್ರ ಆ ದೋಷನೇ ಗುಣ ಆಗ್ತದ, ಸ್ಟ್ಯಾಕಿಗೆ ನಮಗ ಬೇಕಾಗಿದ್ದೇ ಲಗೂ ಸಾಯೋ ಆವಾಜ. ಹಿಂಗಾಗಿ ಜರ್ಮನಿಯ ಮೈನಲ್ ಕಂಪನಿಯ ಎಚ್‌ಸಿಎಸ್ ನಮೂನಿ ಹಿತ್ತಾಳಿ ಸಾಮಾನು, ಇಲ್ಲಾ ನಿಮ್ಮ ಹಳೇ ಕಿಟ್ಟಿನ ಸಂಗಾಟ ಬಂದ ಹಿತ್ತಾಳಿ ಕ್ರ್ಯಾಶು, ಮಾರಬ್ಯಾಡ್ರಿ, ಇಟಗೊಳ್ರಿ, ಯಾಕ ಅಂತ ಮುಂದ ಹೇಳ್ತೀನಿ. ಹೆಸರಿನ ಮಾತಿಗೆ ಭಾಳ ತಲಿ ಕೆಡಸ್ಕೋಬ್ಯಾಡ್ರಿ. ಜಿಲ್ಜಿಯನ್ ಮನೆತನ 1623ರಾಗ ಇಸ್ತಾಂಬುಲ್‌ನ್ಯಾಗ ಶುರು ಮಾಡಿದ್ದು, ಅದೇ ಮನೆತನದ ರಾಬರ್ಟ್ ಜಿಲ್ಜಿಯನ್ 1981ರಾಗ ಬ್ಯಾರೆ ಆಗಿ ಕೆನಡಾದಾಗ ಸೇಬಿಯನ್ ಹುಟ್ಟಸಿದ್ರು, ತಮ್ಮ ಮೂರು ಮಕ್ಕಳ ಹೆಸರಿನ ಮೊದಲಕ್ಷರ ಕೂಡಿಸಿ ಇಟ್ಟ ಹೆಸರದು. ಎಲ್ಲಾ ಕಂಪನ್ಯಾಗೂ ಹಗುರ ಮಾಲೂ ಇರ್ತದ ಭಾರಿ ಮಾಲೂ ಇರ್ತದ, ಮ್ಯಾಲಿನ ಅಚ್ಚು ಒಂದೇ.

ಸ್ಪ್ಲಾಶಿಂದ ಶುರು ಮಾಡೂಣು. 6 ಇಂಚಿಂದ 12 ಇಂಚಿನ ತನಕ ಇರ್ತಾವ, ತೆಳ್ಳಗ, ಹೊಡದ್ರ ಪಿಶ್ ಅಂತ ಬಂದು ಹೋಗಿಬಿಡ್ತದ, ಕಾದ ಹಂಚಿನ ಮ್ಯಾಲ ನೀರು ಚಿಮುಕಿಸಿದಂಗ. ದಿ ಪೊಲೀಸ್ ಬ್ಯಾಂಡಿನ ಸ್ಟೀವರ್ಟ್ ಕೋಪ್‌ಲ್ಯಾಂಡ್ ಬಾರಸಿದ್ದು ಕೇಳ್ರಿ, ಕ್ರ್ಯಾಶ್ ಹೊಡಿಯೋ ಜಾಗಾದಾಗ ಅವ್ರು ಸಣ್ಣ ಸ್ಪ್ಲಾಶ್ ಹೊಡದು ಖಾಲಿ ಜಾಗಾ ಬಿಟ್ಟು ಹೋಗ್ತಾರ, ಹಾಡಿಗೆ ಉಸಿರಾಡ್ಲಿಕ್ಕೆ ಜಾಗಾ ಸಿಗ್ತದ. ಮೊದಲ ಸ್ಪ್ಲಾಶ್ ತಗೊಳ್ಳೋರಿಗೆ ನಾ ಯಾವಾಗ್ಲೂ 10 ಇಂಚು ಹೇಳ್ತೀನಿ. 6ರದ್ದು ಸಣ್ಣ ಕೀಚಲು ಆವಾಜ, ಜೋರಾಗಿ ಬ್ಯಾಂಡ್ ನಡದಾಗ ಕೇಳಂಗೇ ಇಲ್ಲ. 8ರದ್ದು ಚರ್ಚಿನ ಸಣ್ಣ ಹಾಲಿಗೆ ನಡೀತದ. 12ರದ್ದು ಅರ್ಧ ಕ್ರ್ಯಾಶೇ ಆಗಿಬಿಡ್ತದ, ನಿಮ್ಮ ಕ್ರ್ಯಾಶ್ 14ರದ್ದು ಇದ್ರ ಎರಡಕ್ಕೂ ಫರಕೇ ತಿಳಿಯಂಗಿಲ್ಲ. ಮುಂದ ಎರಡನೇದು ತಗೊಂಡ್ರ 2 ಇಂಚಿನ ಫರಕ ಇಟ್ಟು ತಗೊಳ್ರಿ, 8ರದ್ದು 10ರದ್ದು ಒಂದ್ರ ಹಿಂದೊಂದು ಹೊಡದ್ರ ಮಾತು ಉತ್ತರ ಆದಂಗ ಕೇಳ್ತದ.

ಸ್ಪ್ಲಾಶಿನಾಗ ತೆಳು ಇದ್ದದ್ದೇ ಆರಸ್ರಿ, ಅಂಚು ಬೆರಳಿಲೇ ಒತ್ತಿದ್ರ ಜರ ಬಾಗಬೇಕು. ದಪ್ಪ ಸ್ಪ್ಲಾಶ್ ಅಂದ್ರ ಟಿಣ್ ಅನ್ನೋ ಗಂಟಿ ಆವಾಜ ಬರ್ತದ, ಅದು ಸುಮ್ಮೂ ಆಗಂಗಿಲ್ಲ. ಆದ್ರ ತೆಳುದಕ್ಕ ಕೈ ಹಗುರ ಬೇಕು. ಮಣಿಕಟ್ಟಿಲೇ ಬಾಜೂಕ ಸವರಿದಂಗ ಹೊಡೀಬೇಕು, ತೋಳಿಲೇ ಮ್ಯಾಲಿಂದ ಕಡದಂಗ ಹೊಡದ್ರ ಎರಡು ತಿಂಗಳದಾಗ ಅಂಚು ಸೀಳ್ತದ. ನಮ್ಮ ಹುಡುಗ್ರು ಹಲಗಿ ಬಡದು ಬೆಳದ ಕೈ, ಭಾರ ಇರ್ತದ, ಇದೊಂದು ಮಾತು ಭಾಳ ಸಲ ಹೇಳಬೇಕಾಗ್ತದ.

ಚೈನಾ. ಇದು ಚೀನಾದ ಬೋ ಅನ್ನೋ ತಾಳದಿಂದ ಬಂದದ್ದು, ನೂರು ವರ್ಷದ ಹಿಂದ ಅಮೆರಿಕಾದಾಗ ಡ್ರಮ್ ಕಿಟ್ ಅನ್ನೋದು ಹುಟ್ಟೋ ಕಾಲಕ್ಕೇ ಇದೂ ಅದ್ರ ಸಂಗಾಟ ಇತ್ತು, ಅಂದ್ರ ಎಫೆಕ್ಟ್ ಅನ್ನೋದು ಹೊಸಾ ಶೋಕಿ ಅಲ್ಲ. ಅಂಚು ಮ್ಯಾಲಕ್ಕ ಮಡಚಿರ್ತದ, ಅದಕ್ಕೇ ಆವಾಜ ಒಡದು ಹರದು ಬರ್ತದ, ಝಾಂಜು ಜೋರಾಗಿ ಬಡದಂಗ. 12ರಿಂದ 22ರ ತನಕ ಸಿಗ್ತಾವ. ಮೆಟಲ್ (ಜೋರ ರಾಕ್ ಸಂಗೀತ) ಬಾರಸೋರು 18 ತಗೊಳ್ರಿ, ಲಗ್ನಕ್ಕ ಚರ್ಚಿಗೆ ಬಾರಸೋರು 14, ಭಾಳಂದ್ರ 16, ಅದೂ ತೆಳು ಇದ್ದದ್ದು. ತೆಳು ಚೈನಾ ಹಗುರಕ ಹೊಡದ್ರೂ ಬಾಯಿ ಬಿಡ್ತದ, ಲಗೂ ಮುಚ್ಚತದ, ದಪ್ಪದ್ದು ಜೋರ ಹೊಡಿಯೋ ತನಕ ಬಾಯೇ ಬಿಡಂಗಿಲ್ಲ, ಬಿಟ್ರ ಮುಚ್ಚಂಗಿಲ್ಲ. ಸ್ಟ್ಯಾಂಡಿಗೆ ಬೋರಲು ಹಾಕ್ರಿ, ಅಂದ್ರ ನಡುವಿನ ಗುಬ್ಬಿ ಕೆಳಗ ಬರೋ ಹಂಗ, ಆವಾಗ ಕೋಲು ಮಡಚಿದ ಅಂಚಿಗೆ ಬಡಿಯಂಗಿಲ್ಲ, ಮಡಿಕಿ ಶುರು ಆಗೋ ಭುಜಕ್ಕ ಬಡೀತದ, ಆವಾಜೂ ದುಂಡಗ ಬರ್ತದ, ಸಿಂಬಲ್ಲೂ ಉಳೀತದ. ಹಾಡೋರ ಮೈಕಿನ ಬೆನ್ನ ಹಿಂದ ಇಡಬ್ಯಾಡ್ರಿ, ಬೇಸ್ ಗಿಟಾರಿನೋರ ಕಡಿ ಇಲ್ಲಾ ಗ್ವಾಡಿಗಿಂತ ದೂರ ಇರೋ ಬಾಜೂಕ, ಮೈಕಿನ ಎತ್ತರಕಿಂತ ತೆಳಗ ಇಡ್ರಿ. ನನ್ನ 18ರದ್ದಕ್ಕ ಈ ನಾಕು ಮಾತು ಆವಾಗ ಯಾರಾದ್ರೂ ಹೇಳಿದ್ರ ಆ ಅಕ್ಕ ತಿರುಗಿ ನೋಡೋ ಪ್ರಸಂಗ ಬರ್ತಿರಲಿಲ್ಲ.

ಈಗ ಸ್ಟ್ಯಾಕ್. ಇದು ನನಗ ಭಾಳ ಸೇರ್ತದ, ಅದಕ್ಕ ಜರ ಉದ್ದ ಹೇಳ್ತೀನಿ. ಎರಡು ಸಿಂಬಲ್ ಒಂದ್ರ ಮ್ಯಾಲೊಂದು ಇಟ್ಟು ಒಂದೇ ಸ್ಟ್ಯಾಂಡಿನ ಮ್ಯಾಲ ವಿಂಗ್ ನಟ್ (ಕೈಲೇ ತಿರುವೋ ಕಿವಿ ಇರೋ ನಟ್ಟು) ಬಿಗದ್ರ ಅದೇ ಸ್ಟ್ಯಾಕ್. ಒಂದಕ್ಕೊಂದು ತಿಕ್ಕಿ ಝೇಂಕಾರ ಕೊಂದು ಹಾಕ್ತಾವ, ಛಟ್ ಅನ್ನೋದಷ್ಟೇ ಉಳೀತದ. ನಟ್ ಪೂರಾ ಬಿಗದ್ರ ಚಪ್ಪಾಳಿ ಆವಾಜ, ಅರ್ಧ ತಿರುವು ಸಡಲ ಬಿಟ್ರ ಝಾಂಜಿನ ಆವಾಜ, ಇನ್ನೂ ಸಡಲ ಬಿಟ್ರ ಹೈಹ್ಯಾಟ್ ಅರ್ಧ ತಗದಂಗ ಸರ್ ಅಂತದ. ಒಂದೇ ಸಾಮಾನು, ಮೂರು ಆವಾಜ, ನಟ್ಟಿನ ಮ್ಯಾಲ ಕೈ ಇದ್ರ ಸಾಕು. ಕೆಹರ್ವಾ ತಾಳದ ಹಾಡಿಗೆ, ಭಜನಿ ಧಾಟಿಗೆ, ಚರ್ಚಿನ ಸ್ತುತಿ ಹಾಡಿಗೆ, ಎರಡನೇ ನಾಕನೇ ಬೀಟಿನ ಮ್ಯಾಲ ಸ್ಟ್ಯಾಕ್ ಹೊಡದು ನೋಡ್ರಿ, ಮುಂದ ಕುಂತ ಮಂದಿ ತಮಗ ತಿಳೀದಂಗ ಚಪ್ಪಾಳಿ ಶುರು ಮಾಡ್ತಾರ. ನಮ್ಮ ಕಿವಿ ಹುಟ್ಟಿದಾಗಿಂದ ತಾಳ ಝಾಂಜು ಕೇಳಿದ ಕಿವಿ, ಸ್ಟ್ಯಾಕಿನ ಆವಾಜ ಅದಕ್ಕ ಹತ್ತರ ಅದ.

ತಯಾರ ಮಾಡಿದ ಸ್ಟ್ಯಾಕೂ ಸಿಗ್ತಾವ, ಅಮೆರಿಕಾದ ಡ್ರಮ್ಮರ್ ಮೈಕ್ ಪೋರ್ಟ್‌ನಾಯ್ ಹೆಸರಿಲೇ ಸೇಬಿಯನ್ ಕಂಪನಿ ಮಾಡಿದ ಮ್ಯಾಕ್ಸ್ ಸ್ಟ್ಯಾಕ್ಸ್ ಹಂಗ. ಆದ್ರ ಬೆಲಿ ಹೆಚ್ಚು, ಅದಕ್ಕಿಂತ ಮೊದಲ ಮನ್ಯಾಗ ಮಾಡಿ ನೋಡ್ರಿ. ನಿಮ್ಮ ಹಳೇ ಹಿತ್ತಾಳಿ 16ರ ಕ್ರ್ಯಾಶ್ ತಗೊಳ್ರಿ, ಸೀಳಿದ್ದಿದ್ರೂ ನಡೀತದ. ಅದ್ರ ಮ್ಯಾಲ 14ರ ಹೈಹ್ಯಾಟಿನ ಒಂದು ತಾಟು ಇಡ್ರಿ, ಇಲ್ಲಾ 12–14ರ ಸಣ್ಣ ಚೈನಾ ಇಡ್ರಿ. ಎರಡರ ನಡುವ ಫೆಲ್ಟ್ (ಮೆತ್ತನ್ನ ಉಣ್ಣಿ ವಾಶರ್) ಹಾಕಬ್ಯಾಡ್ರಿ, ಹಾಕಿದ್ರ ಸ್ಟ್ಯಾಕ್ ಆಗಂಗಿಲ್ಲ, ಎರಡು ಬ್ಯಾರೆ ಸಿಂಬಲ್ ಆಗ್ತಾವ. ಮ್ಯಾಲಿಂದ್ರ ಅಂಚು ಕೆಳಗಿಂದಕ್ಕ ಹತ್ತಬೇಕು, ಒಳಗ ನಡುವ ಜರ ಖಾಲಿ ಸಂದು ಇರಬೇಕು, ಆ ಸಂದಿನಾಗ ಗಾಳಿ ಸಿಕ್ಕೇ ಛಟ್ ಬರೋದು. ಪೂರಾ ಚಪ್ಪಟಿ ಕುಂತ್ರ ಧಪ್ ಅಂತದ, ತಗಡು ಬಡದಂಗ. ಒಂದ್ ತಾಸು ಕುಂತು ಮ್ಯಾಲಿಂದು ಕೆಳಗ ಕೆಳಗಿಂದು ಮ್ಯಾಲ, ಬೋರಲು ಒಂದ್ಸಲ ಅಂಗಾತ ಒಂದ್ಸಲ, ಹಾಕಿ ಹಾಕಿ ಕೇಳ್ರಿ, ಎಲ್ಲೋ ಒಂದ್ ಕಡಿ ಕಿವಿ ನಿಂದ್ರತದ, ಆ ಜೋಡಿ ಬರದು ಇಟಗೊಳ್ರಿ.

ಸೀಳಿದ ಸಿಂಬಲ್ ಬಳಸೋರಿಗೆ ಎರಡು ಎಚ್ಚರಿಕಿ. ಸೀಳು ಮುಂದ ಹರೀಬಾರದಂದ್ರ ಅದ್ರ ಕೊನಿ ಮುಟ್ಟೋ ಜಾಗಾದಾಗ ಒಂದ್ ಸಣ್ಣ ತೂತು ಹೊಡಸ್ರಿ, ದುಂಡ ತೂತಿಗೆ ಬಂದು ಸೀಳು ನಿಂದ್ರತದ. ಲೇಥ್ ಅಂಗಡ್ಯಾಗ ಮಾಡಿಕೊಡ್ತಾರ, ಸಾವಕಾಶ ಹೊಡೀಲಿಕ್ಕೆ ಹೇಳ್ರಿ, ಬಿಸಿ ಆಗಬಾರದು, ಗ್ಯಾಸ್ ಕಟರಂತೂ ಹತ್ತರಕ್ಕೂ ತರಬಾರದು, ಕಾದ್ರ ಲೋಹದ ಹದ ಹೋಗ್ತದ. ಎರಡನೇದು, ಸೀಳಿನ ಅಂಚು ಬ್ಲೇಡಿನಂಗ ಇರ್ತದ, ಕಾನಸಿಲೇ ಉಜ್ಜಿ ಮೊಂಡ ಮಾಡ್ರಿ. ಹಂಗೇ ಒಳ್ಳೇ ಬಿ20 ಸಿಂಬಲ್ ಎರಡು ತಗೊಂಡು ಸ್ಟ್ಯಾಕ್ ಮಾಡಬ್ಯಾಡ್ರಿ, ತಿಕ್ಕಿ ತಿಕ್ಕಿ ಗೆರಿ ಬೀಳ್ತಾವ.

ಕೆಲವರು ಗುಡಿ ಝಾಂಜೇ ಸ್ಟ್ಯಾಂಡಿಗೆ ಹಾಕಬಹುದೇನು ಅಂತ ಕೇಳ್ತಾರ. ವಿಚಾರ ಚೊಲೋ ಅದ, ಆದ್ರ ಝಾಂಜಿನ ತೂತು ದಾರ ಹೋಗೋವಷ್ಟೇ ಇರ್ತದ, ಡ್ರಮ್ ಸಿಂಬಲ್ಲಿನ ತೂತು ಸುಮಾರು ಅರ್ಧ ಇಂಚು. ದೊಡ್ಡದು ಮಾಡ್ಲಿಕ್ಕೆ ಹೋದ್ರ ಕಂಚು ಸೀಳೋ ಸಂಭವ ಭಾಳ, ಅಜ್ಜನ ಕಾಲದ ಝಾಂಜಂತೂ ಮುಟ್ಟಲೇಬ್ಯಾಡ್ರಿ. ದಾರದಿಂದ ಸ್ಟ್ಯಾಂಡಿನ ಬೂಮ್ ಕೋಲಿಗೆ ಜೋತು ಬಿಟ್ಟು ಕೋಲಿಲೇ ತಟ್ಟಿದ್ರ ಅದೇ ಒಂದ್ ಬೆಲ್ ಸಿಂಬಲ್ ಆಗ್ತದ, ಹಾನಿ ಇಲ್ಲ. ನಮ್ಮ ದೇಶದ ಡ್ರಮ್ಮರ್ ಶಿವಮಣಿ ಅವ್ರು ನೀರಿನ ಕ್ಯಾನು ಸೂಟ್‌ಕೇಸಿನಿಂದ್ಲೂ ನಾದ ತಗದೋರು, ಕೈಗೆ ಸಿಕ್ಕ ಸಾಮಾನು ತಟ್ಟಿ ಕೇಳೋ ರೂಢಿ ಅವ್ರಿಂದ ಕಲೀಬೇಕು.

ಬೆಲ್ ಅಂದ್ರ 6ರಿಂದ 8 ಇಂಚಿನ ದಪ್ಪ ಗಂಟಿ ನಮೂನಿ ಸಿಂಬಲ್. ಆವಾಜ ಬಂಗಾರ, ಆದ್ರ ಇದಕ್ಕ ಸ್ಪಷ್ಟ ಸ್ವರ ಇರ್ತದ, ಉಳದ ಸಿಂಬಲ್ಲಿನಂಗ ಬರೇ ಝಲ್ ಅಲ್ಲ. ಹಾಡು ಒಂದ್ ಶ್ರುತ್ಯಾಗ, ಬೆಲ್ ಅದಕ್ಕ ಹೊಂದದ ಸ್ವರದಾಗ ಇದ್ರ, ಮೆಲ್ಲಗಿನ ಹಾಡಿನಾಗ ಹಲ್ಲಿಗೆ ಕಲ್ಲು ಸಿಕ್ಕಂಗ ಆಗ್ತದ. ತಗೊಳ್ಳೋಕಿಂತ ಮೊದಲ ಫೋನಿನಾಗ ಟ್ಯೂನರ್ ಆಪ್ ಹಾಕಿ ಅದ್ರ ಸ್ವರ ಯಾವುದು ನೋಡ್ರಿ, ನಿಮ್ಮ ಹಾಡೋರು ಹೆಚ್ಚಾಗಿ ಯಾವ ಸ್ಕೇಲಿನಾಗ ಹಾಡ್ತಾರ ಕೀಬೋರ್ಡಿನೋರ್ನ ಕೇಳ್ರಿ. ಮ್ಯಾಲ, ಇದು ಸುಮ್ಮಾಗೋದು ಎಲ್ಲಾಕಿಂತ ತಡ. ಮೊದಲ ಎಫೆಕ್ಟ್ ಅಂತ ಬೆಲ್ ಬ್ಯಾಡೇ ಬ್ಯಾಡ.

ತೂತಿನ ಕ್ರ್ಯಾಶು, ಸೇಬಿಯನ್ ಓಝೋನ್, ಜಿಲ್ಜಿಯನ್ ಇಎಫ್‌ಎಕ್ಸ್ ಹಂಗಿದ್ದವು, ಕ್ರ್ಯಾಶಿಗೂ ಚೈನಾಕ್ಕೂ ನಡುವಿನವು. ದೊಡ್ಡ ದೊಡ್ಡ ತೂತು ಕೊರದಿರ್ತಾರ, ಲೋಹ ಕಮ್ಮಿ ಆದಂಗ ಝೇಂಕಾರ ಕಮ್ಮಿ, ಒರಟು ಹೆಚ್ಚು. ಒಂದೇ ಕ್ರ್ಯಾಶ್ ಇದ್ದೋರು ಎರಡನೇ ಕ್ರ್ಯಾಶ್ ಅಂತ 16 ಇಲ್ಲಾ 18ರ ತೂತಿಂದು ತಗೊಂಡ್ರ ಎರಡೂ ಕೆಲಸ ಆಗ್ತದ, ನಮ್ಮ ಪರ್ಸಿ ಹಾಲಿಗೆ ಇದು ಭಾಳ ಹೊಂದತದ. ಮನ್ಯಾಗ ತಾವೇ ತೂತು ಕೊರಿಯೋ ವಿಡಿಯೋ ನೋಡಿ ಒಳ್ಳೇ ಸಿಂಬಲ್ ಹಾಳ ಮಾಡಬ್ಯಾಡ್ರಿ. ಸಿಜಲ್, ಅಂದ್ರ ಹೊಡದ ಮ್ಯಾಲ ಸರ್ ಅಂತ ಎಳಿಯೋ ಆವಾಜ, ಬೇಕಂದ್ರೂ ಸಿಂಬಲ್ಲಿಗೆ ತೂತು ಹಾಕಿ ರಿವೆಟ್ ಹೊಡಸೋದು ಬ್ಯಾಡ, ಗುಂಡಿನ ಸಣ್ಣ ಸರಪಳಿ, ಕೀಚೈನಿನಾಗ ಇರ್ತದಲ್ಲ ಆ ನಮೂನಿದು, ವಿಂಗ್ ನಟ್ಟಿಗೆ ಕಟ್ಟಿ ರೈಡಿನ ಮ್ಯಾಲ ಜೋತು ಬಿಡ್ರಿ, ಮೆಲ್ಲಗಿನ ಹಾಡಿಗೆ ಸರ್ ಅನ್ನೋ ಮಳಿ ಆವಾಜ ಬರ್ತದ, ಬ್ಯಾಡಾದಾಗ ತಗದು ಕಿಸೆದಾಗ ಹಾಕೋಬಹುದು.

ತಗೊಳ್ಲಿಕ್ಕೆ ಹೋದಾಗ. ಇಲ್ಲಿ ನಮ್ಮ ಅಂಗಡ್ಯಾಗ ತಬಲಾ, ಢೋಲಕ್, ಹಾರ್ಮೋನಿಯಂ ಸಿಕ್ಕಂಗ ಸಿಂಬಲ್ ಆರಿಸ್ಲಿಕ್ಕೆ ಸಿಗಂಗಿಲ್ಲ, ಹೈದ್ರಾಬಾದಿಗೆ ಹೋಗೋದೇ ಹೆಚ್ಚು, ಬೀದರಿನೋರಿಗೆ ಅದು ಇನ್ನೂ ಹತ್ತರ. ಹೋಗುವಾಗ ನಿಮ್ಮ ಕ್ರ್ಯಾಶು, ನಿಮ್ಮ ಕೋಲು ಚೀಲದಾಗ ಹಾಕೊಂಡು ಹೋಗ್ರಿ. ಅಂಗಡಿ ಕೋಲು ಬ್ಯಾರೆ, ಅದ್ರ ತುದಿ ನೈಲಾನ್ ಇದ್ರ ಆವಾಜ ಇದ್ದದ್ದಕಿಂತ ಚೂಪು ಕೇಳ್ತದ, ಮನಿಗೆ ಬಂದ ಮ್ಯಾಲ ಫರಕ ತಿಳೀತದ. ಮೊದಲ ನಿಮ್ಮ ಕ್ರ್ಯಾಶ್ ಹೊಡೀರಿ, ಆಮ್ಯಾಲ ಅದನ್ನ, ಎರಡರ ಆವಾಜ ಅಕ್ಕ ತಂಗಿ ಹಂಗಿದ್ರ ಬಿಟ್ಟುಬಿಡ್ರಿ, ನಿಮ್ಮ ಕಿಟ್ಟಿನಾಗ ಇಲ್ಲದ ಆವಾಜ ಬೇಕು. ಆಮ್ಯಾಲ ಸಂಗಾಟ ಬಂದ ಗೆಳಿಯಾನ ಕೈಯಾಗ ಕೋಲು ಕೊಟ್ಟು ನೀವು 12–15 ಫೂಟ್ ದೂರ ಹೋಗಿ ನಿಂದ್ರಿ. ಸ್ಟೂಲಿನ ಮ್ಯಾಲ ಕುಂತಾಗ ಕೇಳೋದು ಬ್ಯಾರೆ, ಮುಂದಿನ ಕುರ್ಚ್ಯಾಗ ಕುಂತೋರಿಗೆ ಕೇಳೋದು ಬ್ಯಾರೆ. ಹಗುರ, ನಡು, ಜೋರ, ಮೂರು ನಮೂನಿ ಹೊಡಸ್ರಿ, ಜೋರ ಹೊಡದಾಗ ಅಷ್ಟೇ ಛಂದ ಕೇಳೋದು ನಮ್ಮ ಕೆಲಸಕ್ಕ ಬರಂಗಿಲ್ಲ. ಫೋನಿನಾಗ ಮೆಟ್ರೋನೋಮ್ 120ಕ್ಕ ಇಟ್ಟು ಒಂದನೇ ಬೀಟಿಗೆ ಹೊಡಸಿ ಎಣಸ್ರಿ, ಸ್ಪ್ಲಾಶ್ ಎರಡನೇ ಬೀಟಿನ ಹೊತ್ತಿಗೆ ಹೆಚ್ಚೂ ಕಮ್ಮಿ ಮಾಯ ಆಗಿರಬೇಕು, ಚೈನಾ ಮೂರಕ್ಕ ಬಾಡಿರಬೇಕು, ಸ್ಟ್ಯಾಕ್ ಎರಡು ಬರೋಕಿಂತ ಮೊದಲೇ ನಿಂತಿರಬೇಕು.

ಸೆಕೆಂಡ್‌ಹ್ಯಾಂಡ್ ತಗೊಳ್ಳೋದಿದ್ರ ಕಣ್ಣು ಕೈ ಎರಡೂ ಬೇಕು. ನಾನೊಮ್ಮೆ ಫೋಟೋ ನೋಡಿ ರೊಕ್ಕ ಕಳಸಿ ಒಂದ್ 10ರ ಸ್ಪ್ಲಾಶ್ ತರಸಿದ್ದೆ, ಬಿಚ್ಚಿದ್ರ ಅಂಚಿನಾಗ ಕೂದಲೆಳಿಯಷ್ಟು ಸೀಳು, ಫೋಟೋದಾಗ ಆ ಬಾಜೂ ತೋರಿಸೇ ಇರಲಿಲ್ಲ. ಅಂದಿನಿಂದ ಕೈಯಾಗ ಹಿಡೀದ ತಗೊಳ್ಳೋದು ಬಿಟ್ಟೀನಿ. ಉಗುರು ಅಂಚಿನ ಗುಂಟ ಸುತ್ತ ಎಳೀರಿ, ಎಲ್ಲಾದ್ರೂ ಸಿಕ್ಕಿಕೊಂಡ್ರ ಅಲ್ಲಿ ಬೆಳಕಿಗೆ ಹಿಡದು ನೋಡ್ರಿ. ಲೇಥಿನ ದುಂಡ ಗೆರಿ ಗುಂಟನೂ ಸೀಳು ಬರ್ತದ, ಅದು ಗೆರಿಯಂಗೇ ಕಾಣೋದ್ರಿಂದ ಲಗೂ ತಿಳಿಯಂಗಿಲ್ಲ, ಹಿಂದ ತಿರುವಿ ಅದೇ ಜಾಗಾ ನೋಡ್ರಿ. ನಡುವಿನ ತೂತು ದುಂಡಗಿರಬೇಕು, ಒಂದ್ ಬಾಜೂ ತಿಂದು ಕೀಲಿ ತೂತಿನಂಗ ಆಗಿದ್ರ ಸ್ಲೀವ್ (ಸ್ಟ್ಯಾಂಡಿನ ತಿರುಪಿಗೆ ಹಾಕೋ ಪ್ಲಾಸ್ಟಿಕ್ ನಳಗಿ) ಇಲ್ದ ಬಾರಸ್ಯಾರ ಅಂತ ಅರ್ಥ, ಬೆಲಿ ಕಮ್ಮಿ ಮಾಡಿ ಕೇಳ್ರಿ. ಪಾಲಿಶ್ ಪರ್ಸಿ ಮ್ಯಾಲ ಇಲ್ಲಾ ಗಾಜಿನ ಟೇಬಲ್ ಮ್ಯಾಲ ನಡುವಿನ ಗುಬ್ಬಿ ಮ್ಯಾಲ ಬರೋ ಹಂಗ ಇಟ್ಟು ಅಂಚು ಒತ್ತಿ ನೋಡ್ರಿ, ಟಕಟಕ ಅಲ್ಲಾಡಿದ್ರ ಸೊಟ್ಟ ಆಗ್ಯದ, ಚೈನಾಕ್ಕ ಈ ಪರೀಕ್ಷಾ ನಡಿಯಂಗಿಲ್ಲ. ಕೊನಿಗೆ ಬೆರಳಿನ ಮ್ಯಾಲ ತೂಗ ಹಾಕಿ ಹಗುರಕ ತಟ್ಟಿ ಕಿವಿ ಹತ್ತರ ಹಿಡೀರಿ, ಝೇಂಕಾರದಾಗ ಝರ್ ಅನ್ನೋ ಹುಳದ ಆವಾಜ ಬಂದ್ರ ಎಲ್ಲೋ ಸೀಳು ಅದ, ಕಣ್ಣಿಗೆ ಕಂಡಿಲ್ಲ ಅಷ್ಟೇ.

ಹೊಸಾ ಸ್ಟ್ಯಾಂಡಿಗೆ ರೊಕ್ಕ ಹಾಕಬ್ಯಾಡ್ರಿ, ಇದ್ದ ಕ್ರ್ಯಾಶ್ ಸ್ಟ್ಯಾಂಡಿಗೆ ಕ್ಲ್ಯಾಂಪ್ ಹಾಕಿ ಸಣ್ಣ ಕೋಲಿನ ಮ್ಯಾಲ ಸ್ಪ್ಲಾಶ್ ಕೂಡಸಬಹುದು. ಕ್ಲ್ಯಾಂಪೂ ಸಿಗಲಿಲ್ಲಂದ್ರ ಕ್ರ್ಯಾಶಿನ ಮ್ಯಾಲ ದಪ್ಪ ಫೆಲ್ಟ್ ಇಟ್ಟು ಸ್ಪ್ಲಾಶ್ ಬೋರಲು ಹಾಕ್ರಿ, ಎರಡೂ ಒಂದಕ್ಕೊಂದು ಹತ್ತಬಾರದು. ಹೆಚ್ಚಿನ ಸ್ಟ್ಯಾಂಡಿನ ಮ್ಯಾಲಿನ ತಿರುಪು 8 ಎಂಎಂ ಇರ್ತದ, ಹಳೇವು 6 ಎಂಎಂ ಇರ್ತಾವ, ನಟ್ ತರುವಾಗ ನೋಡಿ ತರ್ರಿ. ಸ್ಲೀವ್ ಹರದಿದ್ರ ಪ್ಲಾಸ್ಟಿಕ್ ನಳಗಿ ತುಂಡು ಒಂದ್ ಇಂಚು ಕತ್ತರಿಸಿ ಹಾಕ್ರಿ, ಲೋಹಕ್ಕ ಲೋಹ ಹತ್ತಬಾರದು ಅಷ್ಟೇ. ಸ್ಪ್ಲಾಶು ಚೈನಾ ಸಡಲ ಇರಬೇಕು, ಹೊಡದಾಗ ತೂಗಾಡಬೇಕು, ಬಿಗದು ಕೂಡಸಿದ ತೆಳು ಸಿಂಬಲ್ ಸೀಳೋದು ನಿಶ್ಚಿತ. ಬಿಗಿ ಬೇಕಾಗಿದ್ದು ಸ್ಟ್ಯಾಕಿಗೆ ಮಾತ್ರ.

ತೊಳಿಯೋದು ಭಾಳ ಮಂದಿ ತಪ್ಪ ಮಾಡ್ತಾರ. ದೇವರ ಸಮಯಿ ತಿಕ್ಕಿದಂಗ ಹುಣಸಿಹಣ್ಣು, ಲಿಂಬಿಹಣ್ಣು, ಪೀತಾಂಬರಿ ಹಾಕಿ ತಿಕ್ಕಿದ್ರ ಫಳಫಳ ಹೊಳೀತದ ಖರೇ, ಆದ್ರ ಮ್ಯಾಲಿನ ಅಚ್ಚು ಹೋಗ್ತದ, ಕಂಪನಿ ಕೊಟ್ಟ ಲೇಪನಾನೂ ಹೋಗ್ತದ. ಬಾರಸಿದ ಮ್ಯಾಲ ಒಣ ಹತ್ತಿ ಅರಿವಿಲೇ ಬೆವರು ಒರಸಿ ಚೀಲದಾಗ ಹಾಕ್ರಿ, ಸಾಕು.

ಯಾರಿಗೆ ಯಾವುದು ಅಂತ ಕೇಳಿದ್ರ ನನ್ನ ಲೆಕ್ಕ ಹಿಂಗದ. ಚರ್ಚಿನಾಗ ಬಾರಸೋರು ತೆಳು 10ರ ಸ್ಪ್ಲಾಶ್ ತಗೊಳ್ರಿ, ಆಮ್ಯಾಲ ರೈಡಿಗೆ ಸರಪಳಿ. ಲಗ್ನ ಆರ್ಕೆಸ್ಟ್ರಾದೋರು ಮೊದಲ ಹಳೇ ಹಿತ್ತಾಳಿದು ಸ್ಟ್ಯಾಕ್ ಮಾಡ್ರಿ, ಖರ್ಚಿಲ್ಲ, ಆಮ್ಯಾಲ ಸ್ಪ್ಲಾಶ್. ಕಾಲೇಜ್ ಬ್ಯಾಂಡು ಮೆಟಲ್ ಬಾರಸೋರು ಚೈನಾ ತಗೊಳ್ರಿ, ಆದ್ರ ಪ್ರ್ಯಾಕ್ಟೀಸ್ ಖೋಲಿ 10 ಬೈ 10 ಇದ್ರ ಕಿವಿಗೆ ಇಯರ್‌ಪ್ಲಗ್ ಹಾಕೊಳ್ಳದ ಅದನ್ನ ಮುಟ್ಟಬ್ಯಾಡ್ರಿ, ಈಗ ಗುಂಯ್ ಅನ್ನೋ ಕಿವಿ ಮುಂದ ಹಾಡೇ ಕೇಳಲಾರದಂಗ ಆಗಬಹುದು. ಬಯಲಾಗ ಮಾತ್ರ ಬಾರಸೋರಿದ್ರ 18 ಚೈನಾ ಖುಷೀಲೇ ತಗೊಳ್ರಿ, ನನ್ನದಿನ್ನೂ ಜಾತ್ರಿಗೆ ಹೊಂಟಾಗ ಚೀಲದಾಗ ಬರ್ತದ.

ಒಂದೇ ತಗೊಳ್ರಿ, ಮೂರು ತಿಂಗಳು ಅದ್ರ ಸಂಗಾಟ ಬಾರಸ್ರಿ, ಆಮ್ಯಾಲ ಎರಡನೇದು. ತಂದ ಮ್ಯಾಲ ಮೊದಲನೇ ಕಾರ್ಯಕ್ರಮಕ್ಕ ಫೋನು ನಡು ಹಾಲಿನ ಕುರ್ಚಿ ಮ್ಯಾಲ ಇಟ್ಟು ರೆಕಾರ್ಡ್ ಹಾಕ್ರಿ. ಮನಿಗೆ ಬಂದು ಒಂದೊಂದು ಹಾಡಿನಾಗ ಹೊಸಾ ಸಿಂಬಲ್ ಎಷ್ಟ್ ಸಲ ಹೊಡದ್ರಿ ಎಣಸ್ರಿ, ಹಾಡೋರ ಯಾವ ಅಕ್ಷರದ ಮ್ಯಾಲ ಅದು ಬಿದ್ದದ ಅಂತ ಬರಕೊಳ್ರಿ. ಅಕ್ಷರದ ಮ್ಯಾಲ ಬಿದ್ದವೆಲ್ಲಾ ತಗದು, ಸಾಲು ಮುಗದು ಉಸಿರು ತಗೊಳ್ಳೋ ಜಾಗಾದಾಗ ಬಿದ್ದವಷ್ಟೇ ಇಟಗೊಂಡು ಮುಂದಿನ ಐತ್ವಾರ ಮತ್ತ ರೆಕಾರ್ಡ್ ಮಾಡ್ರಿ.